ಮಕ್ಕಳ ನಿದ್ರೆ: ವಯಸ್ಸಿಗೆ ತಕ್ಕ ಗಡಿಯಾರ

ಶನಿವಾರದ ಬೆಳಗಿನ ಶಾಲೆ ನಿಮಗೆಲ್ಲ ಪರಿಚಿತ. ಜನವರಿಯ ಕೊನೆಯ ವಾರದಲ್ಲಿ ಬೇಲೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6 ಗಂಟೆ 53 ನಿಮಿಷಕ್ಕೆ. ಸುತ್ತಮುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು ಕತ್ತಲಿರುವಾಗಲೇ ಏಳಬೇಕು. ಹಾಗೆ ಎದ್ದು ಬಂದವರನ್ನು ಗಮನಿಸಿ ನೋಡಿ. ಐದನೆಯ ತರಗತಿಯ ಮಕ್ಕಳು ಸಾಮಾನ್ಯವಾಗಿ ಲವಲವಿಕೆಯಿಂದಲೇ ಇರುತ್ತಾರೆ. ಆಕಳಿಕೆ, ತೂಕಡಿಕೆ ಹೆಚ್ಚಾಗಿ ಕಾಣುವುದು ಒಂಬತ್ತು, ಹತ್ತನೆಯ ತರಗತಿಗಳಲ್ಲಿ. ದೊಡ್ಡವರಾದ ಹಾಗೆಲ್ಲ ಮಕ್ಕಳು ಸೋಮಾರಿಗಳಾಗುತ್ತಾರೆಯೆ? ಅಥವಾ ಇದಕ್ಕೆ ದೇಹದಲ್ಲಿಯೇ ಏನಾದರೂ ಕಾರಣವಿದೆಯೆ?

ಕಾರಣವಿದೆ. ನಿದ್ರೆಯ ಪ್ರಮಾಣ, ಅದರ ಒಳರಚನೆ ಮತ್ತು ಅದು ಬರುವ ಹೊತ್ತು - ಈ ಮೂರೂ ವಯಸ್ಸಿನೊಂದಿಗೆ ಬದಲಾಗುತ್ತವೆ. ಹಸುಗೂಸಿನ ನಿದ್ರೆ ಒಂದು ಬಗೆ, ಅಂಗನವಾಡಿಯ ಮಗುವಿನದು ಇನ್ನೊಂದು ಬಗೆ, ಹದಿಹರೆಯದವರದು ಮತ್ತೊಂದು ಬಗೆ. ಇದನ್ನು ತಿಳಿಯದಿದ್ದರೆ ಸಹಜವಾದುದನ್ನು ರೋಗವೆಂದೂ, ರೋಗವನ್ನು ಸೋಮಾರಿತನವೆಂದೂ ಭಾವಿಸುವ ಸಂಭವವಿದೆ. ಎರಡರಿಂದಲೂ ಮಗುವಿಗೆ ನಷ್ಟ.

ನಿದ್ರೆಯಲ್ಲಿ ಏನು ನಡೆಯುತ್ತದೆ?

ನಿದ್ರೆ ಎಂದರೆ ಮಿದುಳು ಕೆಲಸ ನಿಲ್ಲಿಸಿ ಸುಮ್ಮನಿರುವ ಸ್ಥಿತಿ ಎಂದು ಬಹುಕಾಲ ತಿಳಿಯಲಾಗಿತ್ತು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. 1929ರಲ್ಲಿ ಪ್ರಕಟವಾದ ಈ ವಿಧಾನವೇ ಇ.ಇ.ಜಿ. ಇದರ ನೆರವಿನಿಂದ ಮಲಗಿದವರ ಮಿದುಳನ್ನೂ ಗಮನಿಸುವುದು ಸಾಧ್ಯವಾಯಿತು.

ನಿದ್ರೆಯ ಒಂದು ದೊಡ್ಡ ಆವಿಷ್ಕಾರಕ್ಕೆ ಮಕ್ಕಳೇ ಕಾರಣರಾದರು. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಎಂಬ ವಿದ್ಯಾರ್ಥಿ ಮಲಗಿದ ಶಿಶುಗಳ ರೆಪ್ಪೆಯ ಕೆಳಗಿನ ಚಲನೆಯನ್ನು ನೋಡುತ್ತಿದ್ದ. ಆಮೇಲೆ ತನ್ನ ಎಂಟು ವರ್ಷದ ಮಗನನ್ನೇ ಯಂತ್ರಕ್ಕೆ ಜೋಡಿಸಿ ಮಲಗಿಸಿದ. ಹುಡುಗ ಗಾಢ ನಿದ್ರೆಯಲ್ಲಿದ್ದಾಗ ಆಗಾಗ ಅವನ ಕಣ್ಣುಗಳು ವೇಗವಾಗಿ ಅತ್ತಿತ್ತ ಓಡಾಡುತ್ತಿದ್ದವು. ಆ ಹೊತ್ತಿನಲ್ಲಿ ಮಿದುಳಿನ ಅಲೆಗಳು ಎಚ್ಚರವಿರುವವರ ಅಲೆಗಳನ್ನೇ ಹೋಲುತ್ತಿದ್ದವು. ಅಸೆರಿನ್ಸ್ಕಿ ಮತ್ತು ಆತನ ಗುರು ನಥಾನಿಯಲ್ ಕ್ಲೀಟ್‌ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ಈ ಸ್ಥಿತಿಯೇ ಕ್ಷಿಪ್ರ ಅಕ್ಷಿಚಲನೆಯ ನಿದ್ರೆ. ಇದನ್ನು ಚಿಕ್ಕದಾಗಿ ರೆಮ್ ನಿದ್ರೆ ಎನ್ನುತ್ತಾರೆ. ನೆನಪಿನಲ್ಲಿ ಉಳಿಯುವ, ಕಥೆಯಂತಹ ಕನಸುಗಳು ಹೆಚ್ಚಾಗಿ ಬೀಳುವುದು ಇಲ್ಲಿ.

ಉಳಿದದ್ದು ರೆಮ್ ಅಲ್ಲದ ನಿದ್ರೆ. ಇದರಲ್ಲಿ ತೆಳುವಾದ ನಿದ್ರೆಯಿಂದ ಗಾಢ ನಿದ್ರೆಯವರೆಗೆ ಹಂತಗಳಿವೆ. ಗಾಢ ಹಂತದಲ್ಲಿ ಮಿದುಳಿನ ಅಲೆಗಳು ನಿಧಾನವಾಗಿ, ಎತ್ತರವಾಗಿ ಏಳುತ್ತವೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಈ ಹಂತದಲ್ಲೇ. ವಯಸ್ಕರಲ್ಲಿ ಎರಡು ಬಗೆಯ ನಿದ್ರೆಗಳೂ ಸೇರಿದ ಒಂದು ಆವರ್ತ ಸುಮಾರು 90 ನಿಮಿಷದ್ದು. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ರೆ ಹೆಚ್ಚು, ಬೆಳಗಿನ ಜಾವದಲ್ಲಿ ರೆಮ್ ನಿದ್ರೆ ಹೆಚ್ಚು. ಈ ಹಂಚಿಕೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡು ನಿಯಂತ್ರಕಗಳು

ನಿದ್ರೆ ಯಾವಾಗ ಬರಬೇಕು ಎಂಬುದನ್ನು ಎರಡು ವ್ಯವಸ್ಥೆಗಳು ಸೇರಿ ನಿರ್ಧರಿಸುತ್ತವೆ ಎಂದು ಸ್ವಿಟ್ಜರ್‌ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದ.

ಮೊದಲನೆಯದು ನಿದ್ರೆಯ ಒತ್ತಡ. ಎದ್ದ ಕ್ಷಣದಿಂದ ಇದು ಏರುತ್ತ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಮಿದುಳಿನಲ್ಲಿ ಸೇರುತ್ತ ಹೋಗುವ ಅಡಿನೊಸಿನ್ ಎಂಬ ರಾಸಾಯನಿಕ ಇದಕ್ಕೆ ಒಂದು ಮುಖ್ಯ ಕಾರಣ. ಬೇಲೂರು ಕಾಫಿ ಬೆಳೆಯುವ ತಾಲ್ಲೂಕು. ಕಾಫಿ ಕುಡಿದರೆ ನಿದ್ದೆ ಹಾರಿಹೋಗುವುದೇಕೆ ಎಂಬುದಕ್ಕೆ ಉತ್ತರವೂ ಇಲ್ಲಿದೆ. ಕೆಫೀನ್ ಅಣು ಅಡಿನೊಸಿನ್ ಕೂರಬೇಕಾದ ಗ್ರಾಹಕಗಳಲ್ಲಿ ತಾನು ಕುಳಿತುಬಿಡುತ್ತದೆ. ಒತ್ತಡ ಕಡಿಮೆಯಾಗುವುದಿಲ್ಲ, ಅದು ಮಿದುಳಿಗೆ ತಿಳಿಯುವುದಿಲ್ಲ ಅಷ್ಟೆ. ವಯಸ್ಕರಲ್ಲಿ ಕುಡಿದ ಕೆಫೀನ್‌ನ ಅರ್ಧ ಭಾಗ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಕಾಫಿಯ ಪ್ರಭಾವ ರಾತ್ರಿ 11ಕ್ಕೂ ಪೂರ್ತಿ ಹೋಗಿರುವುದಿಲ್ಲ.

ಎರಡನೆಯದು ಜೈವಿಕ ಗಡಿಯಾರ. ಎರಡು ಕಣ್ಣುಗಳ ನರಗಳು ಅಡ್ಡಹಾಯುವ ಜಾಗದ ಸ್ವಲ್ಪ ಮೇಲೆ, ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಒಂದು ಜೊತೆ ಪುಟ್ಟ ನರಕೋಶ ಗುಂಪುಗಳಿವೆ. ದೇಹದ ಮುಖ್ಯ ಗಡಿಯಾರ ಇದೇ. ಹೊರಗಿನ ಸುಳಿವು ಸಿಗದಿದ್ದರೂ ಇದು 24 ಗಂಟೆಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ನಡೆಯುತ್ತಿರುತ್ತದೆ. ಪ್ರತಿದಿನ ಇದನ್ನು ಸರಿಹೊಂದಿಸುವುದು ಬೆಳಕು. ಕತ್ತಲಾದ ಮೇಲೆ ಈ ಗಡಿಯಾರದ ಸೂಚನೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇದು ದೇಹಕ್ಕೆ ರಾತ್ರಿಯ ಸೂಚನೆ. ಕೋಶಗಳೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ದೊರೆಯಿತು.

ನಮ್ಮ ದೇಶದಲ್ಲಿ ಈ ಶಾಖೆಗೆ ಬುನಾದಿ ಹಾಕಿದವರು ಎಂ.ಕೆ. ಚಂದ್ರಶೇಖರನ್. ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರ ತಂಡ ಗುಹೆಯ ಕತ್ತಲಲ್ಲಿ ವಾಸಿಸುವ ಬಾವಲಿಗಳ ಗಡಿಯಾರವನ್ನು ಅಭ್ಯಾಸ ಮಾಡಿತು. ಹೊತ್ತು ಎಷ್ಟೆಂದು ತಿಳಿಯದ ಪ್ರತ್ಯೇಕ ಕೋಣೆಯಲ್ಲಿ ಸ್ವಯಂಸೇವಕರನ್ನು ಹಲವು ದಿನ ಇರಿಸಿ, ಅವರ ನಿದ್ರೆ-ಎಚ್ಚರಗಳ ಲಯವನ್ನೂ ದಾಖಲಿಸಿತು. ಅವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮನುಷ್ಯರ ನಿದ್ರೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿದೆ.

ತೊಟ್ಟಿಲಿನ ನಿದ್ರೆ

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ರಿಸುತ್ತದೆ. ಆದರೆ ಒಂದೇ ಸಮನೆ ಅಲ್ಲ. ಎರಡು-ಮೂರು ಗಂಟೆಗೊಮ್ಮೆ ಹಾಲಿಗಾಗಿ ಏಳುತ್ತದೆ. ಅದಕ್ಕೆ ಹಗಲು-ರಾತ್ರಿಗಳ ಭೇದ ಗೊತ್ತಿಲ್ಲ. ಅದರ ಗಡಿಯಾರ ಇನ್ನೂ ಪಕ್ವವಾಗಿರುವುದಿಲ್ಲ, ಸ್ವಂತ ಮೆಲಟೋನಿನ್‌ನ ರಾತ್ರಿಯ ಏರಿಳಿತ ಕಾಣಿಸಿಕೊಳ್ಳುವುದು ಎರಡು-ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ರಾತ್ರಿಯ ಹೊತ್ತಿನ ತಾಯಿಯ ಹಾಲಿನಲ್ಲಿರುವ ಮೆಲಟೋನಿನ್ ಸ್ವಲ್ಪಮಟ್ಟಿಗೆ ಸಿಗುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಮಗು ರಾತ್ರಿಯೆಲ್ಲ ಎದ್ದು ಆಡುವುದು ಹಟವೂ ಅಲ್ಲ, ದೃಷ್ಟಿ ತಗುಲಿದ್ದೂ ಅಲ್ಲ. ಹಗಲಿನಲ್ಲಿ ಬೆಳಕಿರುವ ಕೋಣೆ, ರಾತ್ರಿಯಲ್ಲಿ ಮಂದ ಬೆಳಕು ಮತ್ತು ಕಡಿಮೆ ಮಾತು - ಇಷ್ಟಿದ್ದರೆ ಮಗುವಿನ ಗಡಿಯಾರಕ್ಕೆ ನೆರವಾಗುತ್ತದೆ.

ನವಜಾತ ಶಿಶುವಿನ ನಿದ್ರೆಯ ಅರ್ಧದಷ್ಟು ರೆಮ್ ನಿದ್ರೆ. ವಯಸ್ಕರಲ್ಲಿ ಇದು ಶೇಕಡ 20ರಿಂದ 25 ಮಾತ್ರ. ಈ ಇಳಿಕೆಯನ್ನು ಹೊವರ್ಡ್ ರೊಫ್‌ವಾರ್ಗ್ ಮತ್ತು ಸಂಗಡಿಗರು 1966ರಲ್ಲಿ ತೋರಿಸಿಕೊಟ್ಟರು. ಬೆಳೆಯುವ ಮಿದುಳಿಗೆ ಹೊರಗಿನ ಪ್ರಚೋದನೆ ಇಲ್ಲದಾಗಲೂ ರೆಮ್ ನಿದ್ರೆ ಒಳಗಿನಿಂದ ಪ್ರಚೋದನೆ ಒದಗಿಸುತ್ತದೆ ಎಂಬುದು ಅವರ ಊಹೆ. ಮಲಗಿದ ಕೂಸು ನಗುವುದು, ಮುಖ ಕಿವಿಚುವುದು, ಕೈಕಾಲು ಆಡಿಸುವುದು ಇಂತಹ ನಿದ್ರೆಯಲ್ಲಿ. ಆಗ ಎತ್ತಿಕೊಳ್ಳಬೇಕಾಗಿಲ್ಲ.

ಶಿಶುವಿನ ನಿದ್ರೆಯ ಆವರ್ತ 50-60 ನಿಮಿಷದ್ದು. ಪ್ರತಿ ಆವರ್ತದ ಕೊನೆಗೆ ಅರೆ ಎಚ್ಚರ ಸಹಜ. ತೊಟ್ಟಿಲು ತೂಗಿದರೆ ಮಾತ್ರ ನಿದ್ದೆ ಹೋಗುವುದನ್ನು ಕಲಿತ ಮಗು, ಪ್ರತಿ ಅರೆ ಎಚ್ಚರದಲ್ಲೂ ತೂಗುವ ಕೈಯನ್ನೇ ಕೇಳುತ್ತದೆ. ಆರು ತಿಂಗಳು ಕಳೆದ ಮೇಲೂ ರಾತ್ರಿ ಐದಾರು ಬಾರಿ ಏಳುವ ಮಕ್ಕಳಲ್ಲಿ ಇದು ಸಾಮಾನ್ಯ ಕಾರಣಗಳಲ್ಲಿ ಒಂದು. ಜೋಗುಳ, ತೊಟ್ಟಿಲು ಬಿಡಬೇಕೆಂದಿಲ್ಲ. ಮಗು ಇನ್ನೂ ತೂಕಡಿಸುತ್ತಿರುವಾಗಲೇ ತೂಗುವುದನ್ನು ನಿಲ್ಲಿಸಿದರೆ ಉಳಿದದ್ದನ್ನು ಅದೇ ಕಲಿಯುತ್ತದೆ.

ಒಂದು ಎಚ್ಚರಿಕೆ ಮುಖ್ಯ. ಶಿಶುವನ್ನು ಯಾವಾಗಲೂ ಬೆನ್ನ ಮೇಲೆ ಅಂಗಾತ ಮಲಗಿಸಬೇಕು. ಮುಖದ ಬಳಿ ದಿಂಬು, ಮಡಿಚಿದ ಬಟ್ಟೆ ಇರಬಾರದು. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಪ್ರಚಾರದ ನಂತರ ಅಂಗಾತ ಮಲಗಿಸುವ ಪದ್ಧತಿ ಹರಡಿ, ಮಲಗಿದಲ್ಲೇ ಹಠಾತ್ತಾಗಿ ಸಾಯುವ ಶಿಶುಗಳ ಸಂಖ್ಯೆ ಬಹಳ ಇಳಿಯಿತು. ಮಗು ಮಲಗಲೆಂದು ಕೆಮ್ಮಿನ, ನೆಗಡಿಯ ಸಿರಪ್ ಕುಡಿಸುವುದು ಅಪಾಯಕರ.

ಯಾವ ವಯಸ್ಸಿಗೆ ಎಷ್ಟು ನಿದ್ರೆ?

ದಿನದ 24 ಗಂಟೆಯಲ್ಲಿ, ಹಗಲಿನ ನಿದ್ದೆಯನ್ನೂ ಸೇರಿಸಿ, ತಜ್ಞರು ಒಪ್ಪಿರುವ ಪ್ರಮಾಣ ಹೀಗಿದೆ:

3 ತಿಂಗಳವರೆಗೆ: 14ರಿಂದ 17 ಗಂಟೆ
4ರಿಂದ 12 ತಿಂಗಳು: 12ರಿಂದ 16 ಗಂಟೆ
1ರಿಂದ 2 ವರ್ಷ: 11ರಿಂದ 14 ಗಂಟೆ
3ರಿಂದ 5 ವರ್ಷ: 10ರಿಂದ 13 ಗಂಟೆ
6ರಿಂದ 12 ವರ್ಷ: 9ರಿಂದ 12 ಗಂಟೆ
13ರಿಂದ 18 ವರ್ಷ: 8ರಿಂದ 10 ಗಂಟೆ

ಅಂಗನವಾಡಿಯ ವಯಸ್ಸಿನವರೆಗೆ ಮಧ್ಯಾಹ್ನದ ನಿದ್ದೆ ಸಹಜ. ಐದು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಅದನ್ನು ಬಿಡುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳದು ಅತ್ಯಂತ ಗಾಢ ನಿದ್ರೆ. ಜಾತ್ರೆಯಲ್ಲೋ ಯಕ್ಷಗಾನದಲ್ಲೋ ಮಲಗಿದ ಏಳು ವರ್ಷದ ಮಗುವನ್ನು ಎತ್ತಿಕೊಂಡು ಮನೆಗೆ ತಂದರೂ ಅದಕ್ಕೆ ಎಚ್ಚರವಾಗದು. ಈ ವಯಸ್ಸಿನ ಮಕ್ಕಳು ಬೇಗ ಮಲಗಿ ತಾವಾಗಿಯೇ ಬೇಗ ಏಳುತ್ತಾರೆ. ಶನಿವಾರದ ಬೆಳಗಿನ ಶಾಲೆ ಅವರಿಗೆ ಅಷ್ಟು ಕಷ್ಟವಾಗದಿರುವುದು ಇದರಿಂದಲೇ.

ಹದಿಹರೆಯದಲ್ಲಿ ಏಕೆ ತಡ?

ಮೇಲಿನ ಪಟ್ಟಿಯ ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಕನಿಷ್ಠ 8 ಗಂಟೆ ನಿದ್ರೆ ಬೇಕು. ದೊಡ್ಡವರಾದಂತೆ ನಿದ್ರೆಯ ಅಗತ್ಯ ತೀರ ಕಡಿಮೆಯಾಗುತ್ತದೆ ಎಂಬ ನಂಬಿಕೆ ತಪ್ಪೆಂದು ತೋರಿಸಿದವರು ಮೇರಿ ಕಾರ್ಸ್ಕಡನ್. ಅವರು 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೇಸಿಗೆ ಶಿಬಿರದಲ್ಲಿ ಅದೇ ಮಕ್ಕಳನ್ನು ವರ್ಷ ವರ್ಷವೂ ಪರೀಕ್ಷಿಸಿದರು. ರಾತ್ರಿ 10 ಗಂಟೆಗಳ ಕಾಲ ಮಲಗಲು ಅವಕಾಶ ಕೊಟ್ಟಾಗ ಚಿಕ್ಕವರೂ ದೊಡ್ಡವರೂ ಸುಮಾರು ಒಂಬತ್ತು ಗಂಟೆಗೂ ಮೀರಿ ನಿದ್ರಿಸಿದರು. ಅಷ್ಟು ನಿದ್ರಿಸಿದ ಮೇಲೂ ಹಗಲಿನಲ್ಲಿ ತೂಕಡಿಕೆ ಹೆಚ್ಚಾಗಿದ್ದದ್ದು ಹದಿಹರೆಯದವರಲ್ಲೇ.

ಬದಲಾಗುವುದು ಹೊತ್ತು. ಪ್ರೌಢಾವಸ್ಥೆ ಆರಂಭವಾಗುತ್ತಿದ್ದಂತೆ ಜೈವಿಕ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಮೆಲಟೋನಿನ್ ಸ್ರಾವ ಒಂದು-ಎರಡು ಗಂಟೆಗಳಷ್ಟು ತಡವಾಗಬಹುದು. ಜೊತೆಗೆ ನಿದ್ರೆಯ ಒತ್ತಡವೂ ಚಿಕ್ಕ ಮಕ್ಕಳಲ್ಲಿ ಏರುವುದಕ್ಕಿಂತ ನಿಧಾನವಾಗಿ ಏರುತ್ತದೆ. ಆದ್ದರಿಂದ ಹತ್ತು ವರ್ಷದ ತಂಗಿ 9 ಗಂಟೆಗೆ ನಿದ್ದೆಹೋದರೆ, ಹದಿನಾರರ ಅಣ್ಣನಿಗೆ 11ಕ್ಕೂ ನಿದ್ದೆ ಸುಳಿಯುವುದಿಲ್ಲ. ಹೀಗೆ ತಡವಾಗುವುದು ಸುಮಾರು 20ನೆಯ ವಯಸ್ಸಿನವರೆಗೆ ಹೆಚ್ಚುತ್ತ ಹೋಗಿ, ಆಮೇಲೆ ಮತ್ತೆ ಮುಂದಕ್ಕೆ ಸರಿಯುತ್ತದೆ ಎಂದು ಮ್ಯೂನಿಕ್‌ನ ಟಿಲ್ ರೋನೆಬರ್ಗ್ 2004ರಲ್ಲಿ ತೋರಿಸಿದ. ಇದು ಮೊಬೈಲಿನಿಂದಲೇ ಹುಟ್ಟಿದ್ದಲ್ಲ. ಮೊಬೈಲಿನ ಬೆಳಕೂ ಅದರಲ್ಲಿ ನೋಡುವ ವಿಷಯವೂ ಇದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆ ಎಂಬುದು ನಿಜ.

ಬೇಲೂರಿನ ಸೂರ್ಯ, ಮಿರ್ಜಾಪುರದ ಗಡಿಯಾರ

ಇಲ್ಲಿ ಭೂಗೋಳವೂ ಸೇರಿಕೊಳ್ಳುತ್ತದೆ. ಭಾರತದ ಶಿಷ್ಟ ಸಮಯ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಳೇಬೀಡಿನ ರೇಖಾಂಶ ಸುಮಾರು 76 ಡಿಗ್ರಿ. ವ್ಯತ್ಯಾಸ 6.5 ಡಿಗ್ರಿ, ಅದನ್ನು 4ರಿಂದ ಗುಣಿಸಿದರೆ 26 ನಿಮಿಷ. ಇನ್ನೂ ಸ್ವಲ್ಪ ಪಶ್ಚಿಮಕ್ಕಿರುವ ಬೇಲೂರಿನಲ್ಲಿ ಇದು ಸುಮಾರು 26 ನಿಮಿಷ 30 ಸೆಕೆಂಡು, ಪೂರ್ವಕ್ಕಿರುವ ಅರಸೀಕೆರೆಯಲ್ಲಿ ಸುಮಾರು 25 ನಿಮಿಷ. ಅಂದರೆ ಬೇಲೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ 12 ಗಂಟೆ 26 ನಿಮಿಷದ ಸುಮಾರಿಗೆ. ನಮ್ಮ ಗೋಡೆಯ ಗಡಿಯಾರ ಸೂರ್ಯನಿಗಿಂತ ಅಷ್ಟು ಮುಂದಿದೆ.

ದೇಹದ ಗಡಿಯಾರ ಅನುಸರಿಸುವುದು ಸೂರ್ಯನನ್ನು. ಶಾಲೆಯ ಗಂಟೆ ಅನುಸರಿಸುವುದು ಗೋಡೆಯ ಗಡಿಯಾರವನ್ನು. ಜುಲೈ ಮಧ್ಯದಲ್ಲಿ ಬೇಲೂರಿನಲ್ಲಿ ಸೂರ್ಯ ಮುಳುಗುವಾಗ 7 ಗಂಟೆ ಆಗುತ್ತಿರುತ್ತದೆ. ಇದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳಿಂದಲೇ ಲೆಕ್ಕ ಹಾಕಿದ್ದಾರೆ. ಸೂರ್ಯಾಸ್ತ ತಡವಾಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಆದರೆ ಅದಕ್ಕೆ ತಕ್ಕಂತೆ ತಡವಾಗಿ ಏಳುವುದಿಲ್ಲ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಮಕ್ಕಳ ನಿದ್ರೆ ಸುಮಾರು ಅರ್ಧ ಗಂಟೆ ಕಡಿಮೆಯಾಗುತ್ತದೆ, ಅವರು ಶಾಲೆಯಲ್ಲಿ ಕಲಿಯುವ ವರ್ಷಗಳೂ ಕಡಿಮೆಯಾಗುತ್ತವೆ ಎಂಬುದು ಅವರ ನಿರ್ಣಯ. ಬೇಲೂರಿಗೆ ಅನ್ವಯಿಸುವುದು ಇದರ ಒಂದು ಅಂಶ ಮಾತ್ರ. ಆದರೆ ಹದಿಹರೆಯದ ತಡಕ್ಕೆ ಭೂಗೋಳದ ತಡವೂ ಸೇರುತ್ತದೆ ಎಂಬುದನ್ನು ಮರೆಯಬಾರದು.

ತಾನಾಗಿ ಹೋಗುವ ತೊಂದರೆಗಳು

ಈಗ ನಿದ್ರೆಯ ತೊಂದರೆಗಳನ್ನು ನೋಡೋಣ. ಮೂರರಿಂದ ಎಂಟು ವರ್ಷದ ಕೆಲವು ಮಕ್ಕಳು ಮಲಗಿದ ಒಂದೆರಡು ಗಂಟೆಯಲ್ಲಿ ಕಿಟಾರನೆ ಕಿರುಚಿ ಎದ್ದು ಕೂರುತ್ತಾರೆ. ಕಣ್ಣು ತೆರೆದಿರುತ್ತದೆ, ಮೈ ಬೆವರಿರುತ್ತದೆ, ಅಮ್ಮ ಎತ್ತಿಕೊಂಡರೂ ಗುರುತಿಸುವುದಿಲ್ಲ. ಕೆಲವು ನಿಮಿಷ ಕಳೆದ ಮೇಲೆ ಮತ್ತೆ ಮಲಗುತ್ತಾರೆ, ಬೆಳಗ್ಗೆ ಏನೂ ನೆನಪಿರುವುದಿಲ್ಲ. ಇದನ್ನು ನಿದ್ರಾಭೀತಿ ಎನ್ನುತ್ತಾರೆ. ಗಾಢ ನಿದ್ರೆಯಿಂದ ಮಿದುಳಿನ ಒಂದು ಭಾಗ ಮಾತ್ರ ಎಚ್ಚರಗೊಂಡಾಗ ಹೀಗಾಗುತ್ತದೆ. ನಿದ್ದೆಯಲ್ಲಿ ನಡೆಯುವುದೂ ಇದೇ ಗುಂಪಿಗೆ ಸೇರಿದ್ದು. ಇವು ಕುಟುಂಬಗಳಲ್ಲಿ ಹರಿದು ಬರುತ್ತವೆ. ಜ್ವರ ಮತ್ತು ನಿದ್ರೆಯ ಕೊರತೆ ಇವನ್ನು ಹೆಚ್ಚಿಸುತ್ತವೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ ಮೇಲೆ ಇದು ನಿಂತಿತು ಎನ್ನುವವರುಂಟು. ವಯಸ್ಸಾದಂತೆ ಇದು ತಾನಾಗಿಯೇ ನಿಲ್ಲುವಂಥದ್ದು. ಬಲವಂತವಾಗಿ ಎಬ್ಬಿಸಬೇಡಿ, ಬಿದ್ದು ಪೆಟ್ಟಾಗದಂತೆ ನೋಡಿಕೊಂಡರೆ ಸಾಕು.

ದುಃಸ್ವಪ್ನ ಇದಕ್ಕಿಂತ ಬೇರೆ. ಅದು ರೆಮ್ ನಿದ್ರೆಯದು, ಆದ್ದರಿಂದ ಬೆಳಗಿನ ಜಾವದಲ್ಲಿ ಹೆಚ್ಚು. ಮಗು ಪೂರ್ತಿ ಎಚ್ಚರಗೊಂಡು ಕನಸನ್ನು ಹೇಳುತ್ತದೆ, ಸಮಾಧಾನ ಬೇಡುತ್ತದೆ. ತೊಂದರೆ ಕಾಣಿಸಿದ ಹೊತ್ತೇ ಅದು ಯಾವುದೆಂದು ತಿಳಿಸುತ್ತದೆ.

ನಿದ್ದೆಯಲ್ಲಿ ಹಲ್ಲು ಕಡಿಯುವುದೆಲ್ಲ ಜಂತುಹುಳುವಿನಿಂದ ಎಂಬ ನಂಬಿಕೆ ಇದೆ. ಜಂತುಹುಳುವಿಲ್ಲದ ಎಷ್ಟೋ ಮಕ್ಕಳು ಹಲ್ಲು ಕಡಿಯುತ್ತಾರೆ, ಬಹುಪಾಲು ಮಕ್ಕಳು ದೊಡ್ಡವರಾದಂತೆ ಬಿಡುತ್ತಾರೆ. ಐದು ವರ್ಷದ ಮೇಲೂ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಕ್ಕಳಲ್ಲಿ ಪ್ರತಿ ವರ್ಷ ಸುಮಾರು ಶೇಕಡ 15ರಷ್ಟು ಮಂದಿಗೆ ಅದು ತಾನಾಗಿ ನಿಲ್ಲುತ್ತದೆ. ಮಗು ಬೇಕೆಂದು ಮಾಡುವುದಲ್ಲ. ಬೈದರೆ, ಹೊಡೆದರೆ ಉಪಯೋಗವಿಲ್ಲ. ಆದರೆ ಒಮ್ಮೆ ಪೂರ್ತಿ ನಿಂತಿದ್ದು ಮತ್ತೆ ಶುರುವಾದರೆ ವೈದ್ಯರಿಗೆ ತೋರಿಸಬೇಕು.

ತಾನಾಗಿ ಹೋಗದ ತೊಂದರೆಗಳು

ಮಗು ಗೊರಕೆ ಹೊಡೆದರೆ ಒಳ್ಳೆಯ ನಿದ್ದೆ ಎಂದು ಸಂತೋಷಪಡುವವರಿದ್ದಾರೆ. ನೆಗಡಿಯಿಲ್ಲದಾಗಲೂ ವಾರದಲ್ಲಿ ಮೂರು-ನಾಲ್ಕು ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಗಮನಿಸಬೇಕು. ಎರಡರಿಂದ ಎಂಟು ವರ್ಷದಲ್ಲಿ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಉಸಿರಿನ ದಾರಿಗೆ ಹೋಲಿಸಿದರೆ ದೊಡ್ಡದಾಗಿರುತ್ತವೆ. ನಿದ್ದೆಯಲ್ಲಿ ಸ್ನಾಯು ಸಡಿಲಗೊಂಡಾಗ ದಾರಿ ಮುಚ್ಚಿ ಉಸಿರು ಕೆಲವು ಸೆಕೆಂಡು ನಿಲ್ಲುತ್ತದೆ. ಮಿದುಳು ಬೆಚ್ಚಿ ಎಚ್ಚರಿಸುತ್ತದೆ, ಮತ್ತೆ ಮಲಗುತ್ತದೆ. ರಾತ್ರಿಯಲ್ಲಿ ಹೀಗೆ ಹತ್ತಾರು ಬಾರಿ. ಇದೇ ನಿದ್ರಾ ಉಸಿರುಕಟ್ಟು. 100 ಮಕ್ಕಳಲ್ಲಿ ಒಬ್ಬರಿಂದ ಐವರಿಗೆ ಇದು ಇರಬಹುದು.

ಹಗಲಿನಲ್ಲಿ ಇದರ ಗುರುತು ವಿಚಿತ್ರ. ದೊಡ್ಡವರು ತೂಕಡಿಸಿದರೆ, ಚಿಕ್ಕ ಮಕ್ಕಳು ಹೆಚ್ಚಾಗಿ ಚಡಪಡಿಸುತ್ತಾರೆ, ಒಂದು ಕಡೆ ಕೂರುವುದಿಲ್ಲ, ಪಾಠದಲ್ಲಿ ಗಮನವಿರುವುದಿಲ್ಲ. ಬಾಯಿ ತೆರೆದು ಉಸಿರಾಡುತ್ತಾರೆ, ಬೆಳಗ್ಗೆ ತಲೆನೋವು ಎನ್ನುತ್ತಾರೆ. ತರಗತಿಯಲ್ಲಿ ತುಂಟನೆಂದು ಹೆಸರಾದ ಒಬ್ಬ ಹುಡುಗ ನಿಜವಾಗಿ ಉಸಿರುಕಟ್ಟಿನಿಂದ ಬಳಲುತ್ತಿರಬಹುದು. ಬಹುಪಾಲು ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಇದನ್ನು ಮೊದಲು ಗುರುತಿಸುವ ಅವಕಾಶ ಇರುವುದು ಶಿಕ್ಷಕರಿಗೆ.

ಎರಡನೆಯದು ಕಾಲು ಚಡಪಡಿಕೆ. ಸಂಜೆಯಾದಂತೆ ಕಾಲಿನೊಳಗೆ ಇರುವೆ ಹರಿದಂತೆ, ಎಳೆದಂತೆ ಆಗುತ್ತದೆ. ಆಡಿಸಿದರೆ ಸಮಾಧಾನ, ಸುಮ್ಮನೆ ಮಲಗಿದರೆ ಮತ್ತೆ ಶುರು. ಕಬ್ಬಿಣಾಂಶದ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆದ್ದರಿಂದ "ಕಾಲು ನೋವು, ನಿದ್ದೆ ಬರುವುದಿಲ್ಲ" ಎಂಬ ಮಗುವಿನ ಮಾತನ್ನು ತಳ್ಳಿಹಾಕಬೇಡಿ.

ಮೂರನೆಯದು ಅಪರೂಪದ ನಾರ್ಕೊಲೆಪ್ಸಿ. ರಾತ್ರಿ ಸಾಕಷ್ಟು ಮಲಗಿದರೂ ಹಗಲಿನಲ್ಲಿ ತಡೆಯಲಾಗದ ನಿದ್ದೆ, ನಕ್ಕಾಗ ಮೊಣಕಾಲು ಕುಸಿಯುವುದು ಇದರ ಲಕ್ಷಣ. ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಾಶವಾಗುವುದು ಇದಕ್ಕೆ ಮುಖ್ಯ ಕಾರಣ. ಇಂತಹ ಮಕ್ಕಳಿಗೆ ತಜ್ಞರ ಚಿಕಿತ್ಸೆ ಬೇಕೇ ಬೇಕು.

ಈ ಮೂರರಲ್ಲಿ ಯಾವುದರ ಅನುಮಾನ ಬಂದರೂ ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿ, ಅಥವಾ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ.

ಪರೀಕ್ಷೆ ಮತ್ತು ಬೆಳಗಿನ ಜಾವ

ಶಿಕ್ಷಕರು ನಿಜವಾಗಿ ಯೋಚಿಸಬೇಕಾದ ವಿಷಯಕ್ಕೆ ಈಗ ಬರೋಣ. ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರವಾದಂತೆ ಬೆಳಗಿನ ವಿಶೇಷ ತರಗತಿಗಳು ಆರಂಭವಾಗುತ್ತವೆ. ಬೆಳಗಿನ ಜಾವ 4-5 ಗಂಟೆಗೆ ಶಿಕ್ಷಕರೇ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಪ್ರಯೋಗ ರಾಜ್ಯದ ಹಲವು ಕಡೆ ನಡೆದಿದೆ. ಹಾಸನ ಜಿಲ್ಲೆ 2019ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ. ಫಲಿತಾಂಶದ ಬಗ್ಗೆ ಇಲ್ಲಿನ ಶಿಕ್ಷಕರ ಕಾಳಜಿ ದೊಡ್ಡದು. ಆ ಕಾಳಜಿಯಿಂದಲೇ ಈ ಲೆಕ್ಕವನ್ನೂ ಮಾಡಬೇಕು.

ರಾತ್ರಿ 11ಕ್ಕೆ ಮಲಗಿ 5ಕ್ಕೆ ಎದ್ದರೆ 6 ಗಂಟೆ ನಿದ್ರೆ. ಬೇಕಾದ್ದು ಕನಿಷ್ಠ 8. ದಿನಕ್ಕೆ 2 ಗಂಟೆಯಂತೆ ಆರು ದಿನಕ್ಕೆ 12 ಗಂಟೆ ಸಾಲ. ಹಾಗಾದರೆ 9ಕ್ಕೇ ಮಲಗಲಿ ಎನ್ನಬಹುದು. ಆದರೆ ರೂಢಿಯ ನಿದ್ರೆಯ ಸಮಯಕ್ಕೆ ಮುಂಚಿನ ಎರಡು-ಮೂರು ಗಂಟೆಗಳಲ್ಲಿ ಜೈವಿಕ ಗಡಿಯಾರ ಎಚ್ಚರವನ್ನು ಅತ್ಯಂತ ಬಲವಾಗಿ ಹಿಡಿದಿರುತ್ತದೆ. 11ಕ್ಕೆ ಮಲಗುವ ಹುಡುಗಿ 9ಕ್ಕೆ ಹಾಸಿಗೆಯ ಮೇಲೆ ಹೊರಳಾಡುತ್ತಾಳೆ ಅಷ್ಟೆ. ಅತ್ತ ಬೆಳಗ್ಗೆ ಕತ್ತರಿಸಿಹೋಗುವುದು ರೆಮ್ ನಿದ್ರೆ ಹೆಚ್ಚಾಗಿರುವ ಭಾಗ. ಭಾನುವಾರ 9ರವರೆಗೆ ಮಲಗಿ ಸಾಲ ತೀರಿಸಲು ಹೊರಟರೆ ಗಡಿಯಾರ ಇನ್ನಷ್ಟು ಹಿಂದೆ ಸರಿದು ಸೋಮವಾರ ಮತ್ತೂ ಕಷ್ಟ.

ಓದಿದ್ದು ನಿಲ್ಲುವುದು ನಿದ್ರೆಯಲ್ಲಿ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಪದಗಳನ್ನು ಉರುಹೊಡೆಸಿ, ನಂತರ ಎಚ್ಚರವಿದ್ದಾಗಿಗಿಂತ ಮಲಗಿ ಎದ್ದಾಗ ನೆನಪು ಹೆಚ್ಚು ಉಳಿಯುವುದನ್ನು ತೋರಿಸಿದ್ದರು. ಹಗಲು ಕಲಿತದ್ದನ್ನು ಮಿದುಳು ಗಾಢ ನಿದ್ರೆಯಲ್ಲಿ ಮತ್ತೆ ಮೆಲುಕು ಹಾಕಿ ಶಾಶ್ವತ ನೆನಪಿಗೆ ಸೇರಿಸುತ್ತದೆ ಎಂಬುದು ಈಗಿನ ತಿಳುವಳಿಕೆ. ಲಾಸ್ ಏಂಜಲೀಸ್‌ನ 535 ಪ್ರೌಢಶಾಲಾ ವಿದ್ಯಾರ್ಥಿಗಳು ಬರೆದ 14 ದಿನಗಳ ದಿನಚರಿಯನ್ನು ಆಧರಿಸಿದ 2013ರ ಅಧ್ಯಯನ ಇನ್ನೂ ನೇರವಾಗಿದೆ. ನಿದ್ರೆ ಕಡಿತಗೊಳಿಸಿ ಹೆಚ್ಚು ಓದಿದ ಮರುದಿನ ಅದೇ ವಿದ್ಯಾರ್ಥಿಗೆ ಪಾಠ ಅರ್ಥವಾಗದಿರುವುದು, ಪರೀಕ್ಷೆಯಲ್ಲಿ ತಪ್ಪುವುದು ಹೆಚ್ಚಾಗಿತ್ತು.

ಇತರರು ಏನು ಮಾಡಿದ್ದಾರೆ? ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಗಳ ಆರಂಭವನ್ನು 7.50ರಿಂದ 8.45ಕ್ಕೆ ಬದಲಾಯಿಸಿತು. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂಬ ಭಯವಿತ್ತು. ಆದದ್ದು ದಿನಕ್ಕೆ 34 ನಿಮಿಷ ಹೆಚ್ಚು ನಿದ್ರೆ. ನೆರೆಯ ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ನಾಲ್ಕನೆಯ ತರಗತಿಯವರೆಗಿನ ಶಾಲೆಗಳು 9 ಗಂಟೆಗೆ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ನಿದ್ರೆಯ ಕಾಳಜಿ ಸ್ವಾಗತಾರ್ಹ, ಆದರೆ ಈ ಲೇಖನ ಓದಿದ ನೀವು ಕೇಳಬಹುದು: ಹೆಚ್ಚು ಅಗತ್ಯವಿದ್ದದ್ದು ಹಿರಿಯ ಮಕ್ಕಳಿಗಲ್ಲವೆ? ನಮ್ಮ ಸರ್ಕಾರಿ ಪ್ರೌಢಶಾಲೆಗಳ ಮಾಮೂಲಿ ವೇಳೆ ಅಷ್ಟು ಬೇಗನೆಯದಲ್ಲ. ನಿದ್ರೆ ಕದಿಯುತ್ತಿರುವುದು ಅದಕ್ಕೆ ಮೊದಲು ನಾವು ಸೇರಿಸಿರುವ ತರಗತಿ, ಟ್ಯೂಷನ್ನು ಮತ್ತು ಫೋನಿನ ಕರೆ.

ನೀವೇ ಮಾಡಿ ನೋಡಿ

ನಿಮ್ಮ ತರಗತಿಯಲ್ಲಿ ಎರಡು ವಾರದ ನಿದ್ರಾ ದಿನಚರಿ ಬರೆಸಿ. ಪ್ರತಿದಿನ ಬೆಳಗ್ಗೆ ಐದು ಅಂಶ ಸಾಕು: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಬಂದ ಅಂದಾಜು ಹೊತ್ತು, ಎದ್ದ ಹೊತ್ತು, ತಾನಾಗಿ ಎದ್ದದ್ದೋ ಎಬ್ಬಿಸಿದ್ದೋ, ಹಿಂದಿನ ಸಂಜೆ 4ರ ಮೇಲೆ ಕಾಫಿ-ಟೀ ಕುಡಿದದ್ದುಂಟೆ. ಹೆಸರು ಬೇಡ, ತರಗತಿ ಮತ್ತು ವಯಸ್ಸು ಬರೆದರಾಯಿತು. ಐದನೆಯ ಮತ್ತು ಹತ್ತನೆಯ ತರಗತಿಗಳ ಸರಾಸರಿಗಳನ್ನು ಹೋಲಿಸಿ ಸ್ತಂಭಾಲೇಖ ಬರೆಸಿ. ಶಾಲೆಯ ದಿನ ಮತ್ತು ಭಾನುವಾರಗಳಲ್ಲಿ ನಿದ್ರೆಯ ನಡುಬಿಂದುವಿನ ವ್ಯತ್ಯಾಸವನ್ನೂ ಲೆಕ್ಕ ಹಾಕಿಸಿ. ಅದಕ್ಕೆ ಸಾಮಾಜಿಕ ಜೆಟ್ ಲ್ಯಾಗ್ ಎಂದು ಹೆಸರು. ನಿಮ್ಮ ಊರಿನ ರೇಖಾಂಶ ಹುಡುಕಿ ಸೂರ್ಯ ಎಷ್ಟು ನಿಮಿಷ ತಡ ಎಂದು ತಿಳಿಯುವುದು ಇನ್ನೊಂದು ಒಳ್ಳೆಯ ಲೆಕ್ಕ. ಹದಿಹರೆಯದ ಗಡಿಯಾರವನ್ನು ಸ್ವಲ್ಪ ಮುಂದಕ್ಕೆ ತರುವ ಉಪಾಯವೂ ಇದೆ. ಎದ್ದ ಕೂಡಲೆ ಅರ್ಧ ಗಂಟೆ ಬಯಲ ಬೆಳಕು, ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬೇರೆ ಕೋಣೆಯಲ್ಲಿ, ಸಂಜೆಯ ಮೇಲೆ ಕಾಫಿ ಇಲ್ಲ, ಭಾನುವಾರವೂ ಏಳುವ ಹೊತ್ತಿನಲ್ಲಿ ಒಂದು ಗಂಟೆಗಿಂತ ಹೆಚ್ಚಿನ ವ್ಯತ್ಯಾಸವಿಲ್ಲ.

ದಿನಚರಿಯಲ್ಲಿ ಹತ್ತನೆಯ ತರಗತಿಯ ಸರಾಸರಿ 8 ಗಂಟೆಗಿಂತ ಕಡಿಮೆ ಬಂದರೆ, ಪರೀಕ್ಷಾ ಸಿದ್ಧತೆಯ ವೇಳಾಪಟ್ಟಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಅದರಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್‌ಗಳಿಗೆ ಹೊತ್ತು ನಿಗದಿಯಾಗಿರುತ್ತದೆ. ನಿದ್ರೆಗೂ ಒಂದು ಸಾಲು ಬರೆಯಿರಿ, ಅದನ್ನೇ ಮೊದಲು ಬರೆಯಿರಿ.